ಅಕ್ಕೋರು ಘಟ್ಟ ಹತ್ತಿಸಿದ ವರ್ಷ

ಮೊನ್ನೆ ಮೃಗಶಿರ ಮಳೆ ಬಿದ್ದ ಮರುದಿನ, ಹಿತ್ತಲ ಬೇವಿನ ಮರದ ಕೆಳಗೆ ನಿಂತಿರುವ ನಮ್ಮ ಟೆಂಪೋದ ಹಿಂಬಾಗಿಲು ತೆಗೆದೆ. ಒಳಗೆ ಸೋರಿದೆಯೇನೋ ನೋಡೋಣವೆಂದು ತೆಗೆದದ್ದು. ಸೋರಿರಲಿಲ್ಲ. ಆದರೆ ಒಂದು ವಾಸನೆ ಬಂದು ಮುಖಕ್ಕೆ ಹೊಡೆಯಿತು: ತೊಯ್ದ ಕಂಬಳಿ, ಡೀಸೆಲ್, ಜೋಳದ ಹಿಟ್ಟು, ಇವೆಲ್ಲದರ ಮೇಲೆ ನಾಯಿ. ಶಾಂಪೂ ಹಚ್ಚಿ ಸ್ನಾನ ಮಾಡಿಸಿದ ನಾಯಿಯ ವಾಸನೆಯಲ್ಲ, ಎರೆಹೊಲದಲ್ಲಿ ಉರುಳಾಡಿ ಬಂದ ಮುಧೋಳ ನಾಯಿಯ ವಾಸನೆ. ಬೇರೆಯವರಾದರೆ ಮೂಗು ಮುಚ್ಚಿಕೊಳ್ಳುತ್ತಿದ್ದರು. ನಾನು ಬಾಗಿಲು ಹಿಡಿದುಕೊಂಡು ಅಲ್ಲೇ ನಿಂತೆ. ನನ್ನ ಎದೆ ಉಬ್ಬಿತು. ಯಾಕೆ ಉಬ್ಬಿತು ಎಂದು ತಿಳಿಯಬೇಕಾದರೆ ನನಗೆ ನಲವತ್ತೆಂಟು ತುಂಬಿದ ಆ ವರ್ಷದ ದಸರಾ ರಜೆಯ ಕಥೆ ಕೇಳಬೇಕು.

ನಾನು ರಬಕವಿ-ಬನಹಟ್ಟಿಯ ಮಗ್ಗಗಳ ಸದ್ದಿನಲ್ಲಿ ಬೆಳೆದವಳು. ಅಲ್ಲಿ ಮೆಲ್ಲಗೆ ಮಾತಾಡಿದರೆ ಯಾರಿಗೂ ಕೇಳುವುದಿಲ್ಲ, ಅದಕ್ಕೇ ನನ್ನ ದನಿ ಜೋರು. ಕಲಿತು ಸರಕಾರಿ ಸಾಲೆಯ ಶಿಕ್ಷಕಿಯಾದೆ, ಸೋದರಮಾವನ ಮಗ ಮಾಳಪ್ಪನನ್ನು ಮದುವೆಯಾಗಿ ಮುಧೋಳದ ಹೊರಗೆ, ತಿಮ್ಮಾಪುರದ ದಾರಿಯಲ್ಲಿರುವ ಈ ಮನೆಗೆ ಬಂದೆ. ನಮ್ಮ ಕಡೆ ಶಿಕ್ಷಕಿಯನ್ನು ಅಕ್ಕೋರು ಅನ್ನುತ್ತಾರೆ. ಊರವರು ಗೌರವಕ್ಕೆ ಹಾಗೆ ಕರೆದರೆ ನನ್ನ ಗಂಡ ಚೇಷ್ಟೆಗೆ ಹಾಗೆ ಕರೆಯುತ್ತಾರೆ. ಮದುವೆಯಾದ ದಿನದಿಂದ ನನ್ನ ಹೆಸರು ಹಿಡಿದು ಕರೆದದ್ದು ನೆನಪಿಲ್ಲ.

ಅವರದು ಕುರಿ ಕಾಯುವ ಮನೆತನ, ಬೀರಪ್ಪ ದೇವರ ಒಕ್ಕಲು. ನನ್ನ ಮಾವ ದೀಪಾವಳಿ ಮುಗಿದ ಮರುದಿನ ಕುರಿ ಹೊಡೆದುಕೊಂಡು ಪಡುವಣಕ್ಕೆ ಹೊರಟರೆ ಗೋಕಾಕ, ಸಂಕೇಶ್ವರ ದಾಟಿ, ಆಜರಾದ ಆಚೆಯ ಗುಡ್ಡಗಳವರೆಗೆ ನಡೆಯುತ್ತಿದ್ದರಂತೆ. ಕುದುರೆಯ ಮೇಲೆ ಇಡೀ ಮನೆ: ಗಡಿಗೆ, ಹಿಟ್ಟಿನ ಚೀಲ, ಕೋಳಿ, ಎಲ್ಲಕ್ಕಿಂತ ಮೇಲೆ ಹಗ್ಗದಲ್ಲಿ ಬಿಗಿದ ನನ್ನ ಗಂಡ, ಆಗ ಎರಡು ವರ್ಷದ ಕೂಸು. ಮುಂದೊಂದು ನಾಯಿ, ಹಿಂದೊಂದು ನಾಯಿ. ಹನ್ನೆರಡು ವರ್ಷದವರಾಗುವ ತನಕ ಪ್ರತಿ ಚಳಿಗಾಲ ಅವರು ಆ ಗುಡ್ಡದಲ್ಲೇ ಕಳೆದರು.

ಆಮೇಲೆ ನಮ್ಮ ಕಡೆ ನೀರು ಬಂತು. ನೀರಿನ ಹಿಂದೆ ಕಬ್ಬು ಬಂತು. ಗೊಬ್ಬರಕ್ಕೆಂದು ರಾತ್ರಿ ಕುರಿ ನಿಲ್ಲಿಸಿ ತರುಬುತ್ತಿದ್ದ ಹೊಲಗಳಲ್ಲೆಲ್ಲ ಆಳೆತ್ತರದ ಕಬ್ಬು ನಿಂತಿತು. ಬೀಳಗಿ ಕಡೆಯ ಹುಲ್ಲುಗಾವಲಿನ ಮೇಲೆ ಹಿನ್ನೀರು ನಿಂತಿತು. ಮಾವ ಕುರಿ ಮಾರಿದರು, ಮಗ ಟ್ರ್ಯಾಕ್ಟರ್ ಹತ್ತಿದರು. ಸಮೀರವಾಡಿಯ ಸಕ್ಕರೆ ಕಾರ್ಖಾನೆಗೆ ಕಬ್ಬು ಸಾಗಿಸುತ್ತ ಇಪ್ಪತ್ತೈದು ಸೀಜನ್ ಕಳೆದರು. ಇದರಲ್ಲಿ ಅಳುವುದೇನೂ ಇಲ್ಲ; ಆ ಕಬ್ಬೇ ನಮ್ಮ ಮಗಳನ್ನು ಓದಿಸಿತು. ಆದರೆ ಕುರಿ ಹೋದರೂ ನಾಯಿ ಮಾತ್ರ ನಮ್ಮ ಮನೆ ಬಿಡಲಿಲ್ಲ. ಆ ವರ್ಷ ಎರಡಿದ್ದವು. ಮೋತಿ ಎಂಟು ವರ್ಷದ ಗಂಭೀರ ಗಂಡು. ಚಿಗರಿ ಎರಡು ವರ್ಷದ ಹೆಣ್ಣು. ಜಿಂಕೆಯ ಆ ಹೆಸರಿಗೆ ತಕ್ಕಂತೆ ಓಡಿದರೆ ಕಾಲು ನೆಲಕ್ಕೆ ಹತ್ತುತ್ತಿರಲಿಲ್ಲ.

ಮುಧೋಳ ನಾಯಿಯ ಬಗ್ಗೆ ಒಂದು ಮಾತು ಹೇಳಬೇಕು. ಬೇರೆ ನಾಯಿ ಮೂಗಿನಿಂದ ಬದುಕಿದರೆ ಇದು ಕಣ್ಣಿನಿಂದ ಬದುಕುತ್ತದೆ. ಮೈಲಿ ದೂರದಲ್ಲಿ ಮೊಲದ ಕಿವಿ ಅಲುಗಿದರೂ ಇದಕ್ಕೆ ಕಾಣುತ್ತದೆ. ಅದಕ್ಕೇ ನಮ್ಮ ಕಡೆ ಯಾರೂ ನಾಯಿಯನ್ನು ಕೂಗಿ ಕರೆಯುವುದಿಲ್ಲ. ತಲೆಯ ಕೆಂಪು ಪಟಕಾ ಬಿಚ್ಚಿ ಒಮ್ಮೆ ಎತ್ತಿ ಬೀಸಿದರೆ ಸಾಕು, ಬಯಲಿನ ಆ ತುದಿಯಿಂದ ಬಂದು ಕಾಲ ಬಳಿ ನಿಲ್ಲುತ್ತದೆ. ಕೂಗುವವನು ನಾಯಿ ಸಾಕಲು ಬಾರದವನು ಎಂದು ನಮ್ಮ ಮಾವ ನಗುತ್ತಿದ್ದರು. ಈ ಜಂಬವೇ ನಮಗೆ ಮುಂದೆ ಮುಳುವಾಯಿತು.

ಹಿಂದಿನ ಸೀಜನ್ನಿನಲ್ಲಿ ನನ್ನ ಗಂಡ ಸಮೀರವಾಡಿ ದಾರಿಯ ಒಂದು ಸಣ್ಣ ಸೇತುವೆಯ ಗೋಡೆಗೆ ಟ್ರ್ಯಾಕ್ಟರ್ ತಾಗಿಸಿದರು. ಯಾರಿಗೂ ಪೆಟ್ಟಾಗಲಿಲ್ಲ, ಕಬ್ಬು ಚೆಲ್ಲಿತು ಅಷ್ಟೆ. ಆದರೆ ಮನೆಗೆ ಬಂದು, "ಗ್ವಾಡಿ ಕಾಣಲೇ ಇಲ್ಲ," ಅಂದರು. ಕಣ್ಣಿನ ಡಾಕ್ಟರು ನೋಡಿ, ಕಣ್ಣಿನೊಳಗಿನ ಒತ್ತಡ ಹೆಚ್ಚಾಗಿ ಅಕ್ಕಪಕ್ಕದ ನೋಟ ಹೋಗಿದೆ, ಹೋದದ್ದು ಬರುವುದಿಲ್ಲ, ಉಳಿದದ್ದು ಎಷ್ಟು ದಿನವೋ ಹೇಳಲಾಗದು ಎಂದರು. ಕೊಳವೆಯಲ್ಲಿ ಇಣುಕಿದಂತೆ ಎದುರಿನ ಒಂದಿಷ್ಟೇ ಕಾಣುತ್ತಿತ್ತು. ಅವತ್ತು ಟ್ರ್ಯಾಕ್ಟರ್ ಚಾವಿಯನ್ನು ಬೀರಪ್ಪನ ಫೋಟೋದ ಮುಂದಿಟ್ಟವರು ಮತ್ತೆ ಮುಟ್ಟಲಿಲ್ಲ. ಮನೆಯಲ್ಲಿ ಮಾತೂ ಕಡಿಮೆಯಾಯಿತು. ಚೇಷ್ಟೆ ಮಾಡದ ಗಂಡನ ಜೊತೆ ಇರುವುದು ಎಷ್ಟು ಕಷ್ಟ ಎಂದು ನನಗೆ ಆಗ ಗೊತ್ತಾಯಿತು.

ಆಷಾಢದ ಒಂದು ಮುಂಜಾನೆ ರೊಟ್ಟಿ ಬಡಿಯುತ್ತಿದ್ದೆ. ಅಡಿಗೆಮನೆಯ ಹೊಸ್ತಿಲಲ್ಲಿ ಕುಳಿತು ಅವರು ಅಂದರು: "ಅಕ್ಕೋರ, ಒಂದ ಮಾತ ಕೇಳತೇನಿ, ನಗಬ್ಯಾಡ. ನಮ್ಮಪ್ಪ ಕುರಿ ತರುಬತಿದ್ದ ಗುಡ್ಡ ಒಮ್ಮೆ ನೋಡಬೇಕಂತ ಅನಸಾಕತ್ತೈತಿ. ಕಣ್ಣ ಇರೂತನಕ."

"ಬಸ್ಸಿಗೆ ಹೋಗೂಣು ತಗೋರಿ."

"ನಾಯಿ ಬಿಟ್ಟ? ನಾಯಿ ಬಿಟ್ಟ ನಮ್ಮ ಮಂದಿ ಆ ದಾರಿ ಹಿಡದಿಲ್ಲ."

ನಾಯಿ ಹತ್ತಿಸುವ ಬಸ್ಸು ಯಾವುದೂ ಇಲ್ಲ. ಬಾಡಿಗೆ ಗಾಡಿಯವರು ಎರಡು ಬೇಟೆನಾಯಿ ಅಂದಕೂಡಲೇ ಫೋನಿಟ್ಟರು. ನಾಲ್ಕು ದಿನ ಯೋಚನೆ ಮಾಡಿದೆ. ಐದನೇ ದಿನ ಹಿತ್ತಲಲ್ಲಿ ಧೂಳು ತಿನ್ನುತ್ತಿದ್ದ ಟೆಂಪೋ ನೋಡಿದೆ. ಅವರು ಬಿಡುವಿನ ಕಾಲದಲ್ಲಿ ಬನಹಟ್ಟಿಯಿಂದ ನೂಲು, ಸೀರೆಯ ಗಂಟು ಸಾಗಿಸಲು ಇಟ್ಟುಕೊಂಡಿದ್ದ ಹಳೆಯ ಮುಚ್ಚಿದ ಗಾಡಿ ಅದು. "ನನಗ ಕಲಸ್ರಿ. ನಾ ಹೊಡೀತೇನಿ," ಅಂದೆ. ಆ ವರ್ಷ ಮೊದಲ ಸಲ ಅವರು ನಕ್ಕರು. ನಗಲಿಕ್ಕಾದರೂ ಆಯಿತಲ್ಲ ಎಂದು ನಾನು ಪಟ್ಟು ಬಿಡಲಿಲ್ಲ.

ಇಪ್ಪತ್ತಾರು ವರ್ಷ ಮಕ್ಕಳ ಕಿವಿ ಹಿಂಡಿದವಳು ಈಗ ನಾನೇ ಬೈಸಿಕೊಳ್ಳಬೇಕಾಯಿತು. ದಿನಾ ಸಾಲೆ ಬಿಟ್ಟ ಮೇಲೆ ಊರ ಹೊರಗಿನ ಬಯಲಿನಲ್ಲಿ ಪಾಠ. ಹಿಂದೆ ನಾಯಿಗಳು, ಪಕ್ಕದಲ್ಲಿ ಮಾಸ್ತರು.

"ಕ್ಲಚ್ ಹಂಗ ಝಾಡಿಸಿ ಬಿಡಬ್ಯಾಡ. ಬೆಣ್ಣಿಯಾಗಿಂದ ಕೂದಲಾ ತಗದ್ಹಂಗ ಬಿಡು."

"ನಿಮ್ಮ ಗಾಡೀನ ಸರಿ ಇಲ್ಲ."

"ಕುಣಿಯಾಕ ಬರದಾಕಿ ನೆಲಾ ಡೊಂಕ ಅಂದ್ಲಂತ!"

ನಮ್ಮ ಹೊಲದ ನೆರೆಯವರು ಗುರಪಾದಪ್ಪ ಕಾಕಾ, ಹದಿನೆಂಟು ಎಕರೆ ಕಬ್ಬಿನ ಧಣಿ. ಬೈಕ್ ನಿಲ್ಲಿಸಿ ನೋಡಿ, ಎಲ್ಲರಿಗೂ ಕೇಳುವಂತೆ ಹೇಳಿದರು: "ಇರಲಾರದ ಇರಿವಿ ಬಿಟಗೊಂಡಾರ ನೋಡ್ರಿ! ಗಂಡಗ ಕಣ್ಣಿಲ್ಲ, ಹೆಂಡತಿಗೆ ಗಾಡಿ ಬರೂದಿಲ್ಲ. ಗುಡ್ಡ ನೋಡಾಕ ಹೊಂಟಾರಂತ!" ಜಮಖಂಡಿಗೆ ಕೊಟ್ಟ ಮಗಳು ಫೋನಿನಲ್ಲಿ ಅದೇ ಮಾತನ್ನು ಅಳುತ್ತ ಹೇಳಿದಳು. "ಇಬ್ಬರ ಪೈಕಿ ಒಬ್ಬರಿಗಾದ್ರೂ ದಾರಿ ಕಾಣಬೇಕಲ್ಲ ಅವ್ವಾ?" "ಮೋತಿಗೆ ಕಾಣತೈತಿ," ಅಂದೆ. ಶ್ರಾವಣ ಮುಗಿಯುವುದರೊಳಗೆ ಲೈಸೆನ್ಸು ನನ್ನ ಕೈಯಲ್ಲಿತ್ತು. ಅದರಲ್ಲಿನ ನನ್ನ ಫೋಟೋ ಕಳ್ಳಿಯ ಹಾಗಿದೆ, ಆದರೂ ವಾರಗಟ್ಟಲೆ ಅದನ್ನು ಬಂದವರಿಗೆಲ್ಲ ತೋರಿಸಿದೆ.

ಮಹಾಲಿಂಗಪುರದ ವೆಲ್ಡರ್ ಒಬ್ಬರು ಟೆಂಪೋದೊಳಗೆ ಮಡಚುವ ಮಂಚ, ನೀರಿನ ಡ್ರಮ್ಮಿಗೆ ಜಾಗ, ನಾಯಿಗಳು ಮುಖ ಹಾಕಲು ಜಾಳಿಗೆಯ ಕಿಟಕಿ ಮಾಡಿಕೊಟ್ಟರು. ನಾನು ರೊಟ್ಟಿ ಹಲಗೆ, ಹಂಚು, ಹಿಟ್ಟು, ಮೂರು ಕಂಬಳಿ ಇಟ್ಟೆ. ಒಲೆಗೆ ಕಲ್ಲು ಮಾತ್ರ ಒಯ್ಯಲಿಲ್ಲ. ಕುರಿಗಾರರ ರೀತಿಯೇ ಅದು: ತಂಗುವ ಜಾಗದಲ್ಲಿ ಹೆಣ್ಣುಮಗಳು ಅಲ್ಲಿಯದೇ ಮೂರು ಕಲ್ಲು ಆರಿಸಿ ಒಲೆ ಹೂಡಬೇಕು. ಒಲೆ ಹೂಡಿದಲ್ಲಿ ಮನೆ. ಮೊದಲ ರೊಟ್ಟಿ ನಾಯಿಗೆ, ಕಾವಲು ನಿಂತದ್ದಕ್ಕೆ. ಮತ್ತು ಒಮ್ಮೆ ಒಲೆ ಹೂಡಿದ ಮೇಲೆ ಮಂದಿ, ಕುರಿ, ನಾಯಿ ಎಲ್ಲ ಕೂಡಿ ಎಣಿಕೆ ತುಂಬುವ ತನಕ ಆ ಜಾಗ ಬಿಡುವಂತಿಲ್ಲ.

ದಸರಾ ರಜೆ ಬಿಟ್ಟ ಮರುದಿನ ಹೊರಟೆವು. ಬನ್ನಿ ಹಬ್ಬದ, ಅಂದರೆ ವಿಜಯದಶಮಿಯ, ಸಂಜೆಗೆ ಊರಿಗೆ ತಿರುಗಿ ಬರುತ್ತೇವೆ, ಬನ್ನಿ ಕೊಡದೆ ಇರುವುದಿಲ್ಲ ಎಂದು ಮಗಳಿಗೆ ಮಾತು ಕೊಟ್ಟಿದ್ದೆ. ಗೋಕಾಕಿನ ಪೇಟೆಯಲ್ಲಿ ಎರಡು ಸಲ ಗಾಡಿ ಬಂದ್ ಬಿತ್ತು. ಸಂಕೇಶ್ವರ ದಾಟಿ ಒಂದು ಹೊಲದ ದಂಡೆಯಲ್ಲಿ ಮೊದಲ ಬಿಡಾರ. ಹೊಲದ ಯಜಮಾನ ಬಂದು ಯಾರು ಏನು ಎಂದು ಕೇಳಿದ. ನನ್ನ ಗಂಡ ಅಪ್ಪನ ಕಾಲದ ರೂಢಿಯಂತೆ, "ಒಂದ ದಿನಾ ತರುಬಾಕ ಕೊಡ್ರಿ, ಹೊಲಕ್ಕ ಗೊಬ್ಬರಾ ಆಕ್ಕೈತಿ," ಅಂದುಬಿಟ್ಟರು. ಅವನು ಟೆಂಪೋದ ಸುತ್ತ ಒಂದು ಸುತ್ತು ಹಾಕಿ, "ಕುರಿ ಎಲ್ಲಿ ಅದಾವ್ರಿ?" ಅಂದ. ನಾನು ನಕ್ಕು ನಕ್ಕು ಹಿಟ್ಟಿಗೆ ನೀರು ಹೆಚ್ಚು ಸುರಿದೆ.

ಆಜರಾ ದಾಟಿದ ಮೇಲೆ ದೊಡ್ಡ ರಸ್ತೆ ಬಿಟ್ಟು ಗುಡ್ಡದ ಮೇಲಿನ ಬಯಲಿಗೆ ಹೋಗುವ ಸಣ್ಣ ದಾರಿ ಹಿಡಿದೆವು. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಏನೂ ಇಲ್ಲ. ನನ್ನ ಅಂಗೈ ಬೆವೆತು ಸ್ಟಿಯರಿಂಗ್ ಜಾರುತ್ತಿತ್ತು. ಅವರಿಗೆ ದಾರಿ ಪೂರ್ತಿ ಕಾಣುತ್ತಿರಲಿಲ್ಲ, ಆದರೆ ಕಿವಿಯಿಂದಲೇ ಪಾಠ ನಡೆದಿತ್ತು. "ಎಂಜಿನ್ ಅಳಾಕತ್ತೈತಿ, ಗೇರ್ ಇಳಸು." ಮೂರನೇ ತಿರುವಿನಲ್ಲಿ ಗಾಡಿ ಬಂದ್ ಬಿದ್ದು ಎರಡು ಮಾರು ಹಿಂದಕ್ಕೆ ಜಾರಿತು. ಬ್ರೇಕಿನ ಮೇಲೆ ನಿಂತೇಬಿಟ್ಟೆ.

"ನೀವ ಇಳೀರಿ. ನಾಯಿ ಇಳಸ್ರಿ. ನಾ ಒಬ್ಬಾಕಿನ ನೋಡತೇನಿ," ಅಂದೆ.

ಅವರು ಇಳಿಯಲಿಲ್ಲ. ಎಲೆಯಡಿಕೆ ಚೀಲ ತೆಗೆದು ತೊಡೆಯ ಮೇಲಿಟ್ಟುಕೊಂಡು, "ನೀ ಹೊಡದ್ರ ನಾ ಕುಂತಿರತೇನಿ," ಅಂದರು. ನನ್ನ ಜೀವಮಾನದಲ್ಲಿ ಯಾವ ಇನ್ಸ್‌ಪೆಕ್ಟರೂ ನನಗೆ ಅಷ್ಟು ದೊಡ್ಡ ಸರ್ಟಿಫಿಕೇಟು ಕೊಟ್ಟಿಲ್ಲ. ಹ್ಯಾಂಡ್‌ಬ್ರೇಕು, ಕ್ಲಚ್ಚು, ಬೆಣ್ಣೆಯೊಳಗಿನ ಕೂದಲು. ಗಾಡಿ ಏರಿತು. ಉಳಿದ ತಿರುವುಗಳನ್ನು ಹೇಗೆ ದಾಟಿದೆನೋ ಬೀರಪ್ಪನಿಗೇ ಗೊತ್ತು.

ಮೇಲೆ ಹೋದರೆ ಗುಡ್ಡವೇ ಇರಲಿಲ್ಲ. ಮಂಜು. ಬೆಳಿಗ್ಗೆ ಮಂಜು, ಮಧ್ಯಾಹ್ನ ಮಂಜು, ನಡುವೆ ಜಿಟಿಜಿಟಿ ಮಳೆ. ನಾವು ಬಯಲಿನ ಮಂದಿ, ಇಷ್ಟು ದಪ್ಪ ಮಂಜು ಕಂಡವರಲ್ಲ. ಅವರು ಚಳಿಗಾಲದ ಗುಡ್ಡವನ್ನಷ್ಟೇ ಕಂಡವರು; ನಾವು ರಜೆಗಾಗಿ ತಿಂಗಳು ಮೊದಲೇ ಬಂದಿದ್ದೆವು. ಆದರೂ ನೀರಿನ ಸದ್ದು ಹಿಡಿದು ನಡೆದು ಜಾಗ ಗುರುತಿಸಿದರು. "ಕಲ್ಲಿನ ಮ್ಯಾಲಿಂದ ನೀರ ಎರಡ ಕಡೆ ಬೀಳೂ ಸಪ್ಪಳ ಕೇಳ. ನಮ್ಮಪ್ಪನ ಬಿಡಾರ ಇಲ್ಲೇ." ನಾನು ಮೂರು ಕಲ್ಲು ಆರಿಸಿ ಟೆಂಪೋದ ಪಕ್ಕ ಪ್ಲಾಸ್ಟಿಕ್ ಹಾಳೆಯ ಕೆಳಗೆ ಒಲೆ ಹೂಡಿದೆ.

ಒಂದು ದಿನ ಕಳೆಯಿತು, ಎರಡು, ಮೂರು. ಮಂಜು ಏಳಲಿಲ್ಲ. ಐದನೇ ದಿನ ನಸುಕಿಗೆ ಇಳಿಯದಿದ್ದರೆ ಬನ್ನಿಗೆ ಊರು ಮುಟ್ಟುವುದು ಸಾಧ್ಯವಿರಲಿಲ್ಲ. ನಾಲ್ಕನೇ ದಿನ ಮಧ್ಯಾಹ್ನ ಅವರು ಕಂಬಳಿ ಹೊದ್ದು ಕುಳಿತಲ್ಲಿಂದಲೇ ಅಂದರು: "ಬರೇ ಬಿಳೀದ ನೋಡಾಕತ್ತೇನಿ. ಇದ ಗುಡ್ಡದ ಮಂಜೋ ನನ್ನ ಕಣ್ಣಾಗಿಂದೋ, ಅದೂ ತಿಳಿವಲ್ದು." ಅಷ್ಟು ದೂರ ಕರೆತಂದು ಏನೂ ತೋರಿಸದೆ ಒಯ್ಯುವ ಹಾಗಾಯಿತಲ್ಲ ಎಂದು ಒಲೆಗೆ ಇನ್ನೊಂದು ಕಟ್ಟಿಗೆ ತುರುಕಿದೆ.

ಆಗಲೇ ಪೊದೆಯಲ್ಲಿ ಏನೋ ಜಿಗಿಯಿತು. ಮೊಲವಿರಬೇಕು. ಚಿಗರಿ ಬಾಣದ ಹಾಗೆ ಹೋದಳು. ಎರಡೇ ನೆಗೆತ, ಮೂರನೆಯದು ನಮಗೆ ಕಾಣಲಿಲ್ಲ.

ನಮ್ಮ ಬಯಲಿನಲ್ಲಾದರೆ ಇದು ಚಿಂತೆಯ ಮಾತೇ ಅಲ್ಲ. ಅವರು ಅಭ್ಯಾಸದಂತೆ ಎದ್ದು ನಿಂತು ಪಟಕಾ ಬಿಚ್ಚಿ ಎತ್ತಿ ಬೀಸಿದರು. ಮತ್ತೆ ಬೀಸಿದರು. ಪಕ್ಕದಲ್ಲಿ ನಿಂತ ನನಗೇ ಅದರ ತುದಿ ಕಾಣುತ್ತಿರಲಿಲ್ಲ. ಆಗ ಇಬ್ಬರಿಗೂ ತಿಳಿಯಿತು, ನಾವು ಎಂಥ ತಪ್ಪು ಮಾಡಿದ್ದೇವೆ ಎಂದು. ಕಣ್ಣಿನ ನಾಯಿಯನ್ನು ಕಣ್ಣಿಗೇ ಪಳಗಿಸಿ, ಕಣ್ಣು ಕೆಲಸ ಮಾಡದ ಊರಿಗೆ ತಂದು ಬಿಟ್ಟಿದ್ದೆವು. ಕೂಗಿದೆ, ಮಗ್ಗದೂರಿನ ಇಡೀ ಗಂಟಲು ಹಾಕಿ ಕೂಗಿದೆ. ಕೂಗಿಗೆ ಬರುವುದು ಅವಳಿಗೆ ಕಲಿಸಿಯೇ ಇರಲಿಲ್ಲ. ಇನ್ನೂರು ಹೆಜ್ಜೆಯ ಆಚೆ ಗುಡ್ಡದ ಅಂಚು. ಅಲ್ಲಿಂದ ಕೆಳಗೆ ಕಲ್ಲು ಬಿದ್ದರೆ ಸದ್ದು ಕೇಳಲಿಕ್ಕೂ ಹೊತ್ತು ಹಿಡಿಯುತ್ತಿತ್ತು.

ಹುಡುಕಲು ಹೋಗುತ್ತೇನೆಂದು ಹೊರಟವಳ ಸೆರಗು ಹಿಡಿದು ನಿಲ್ಲಿಸಿದರು. "ಒಲಿ ಹೂಡೇವಿ. ಎಣಿಕಿ ತುಂಬೂತನಕ ಜಾಗಾ ಬಿಡೂಹಂಗಿಲ್ಲ. ನೀನೂ ತಪ್ಪಿಸಿಕೊಂಡ್ರ ನಾ ಯಾವ ಕಣ್ಣಿಲೆ ಹುಡುಕಲಿ?"

ಒಂದು ತಾಸು ಹೋಯಿತು. ನಾನು ಅಳುತ್ತಿದ್ದೆ. ಅವರು ತಲೆ ಬಗ್ಗಿಸಿ ಏನನ್ನೋ ಕೇಳಿಸಿಕೊಳ್ಳುವವರ ಹಾಗೆ ಕುಳಿತಿದ್ದವರು ತಟ್ಟನೆ, "ಅಕ್ಕೋರ, ರೊಟ್ಟಿ ಬಡಿ," ಅಂದರು.

"ಇದ ರೊಟ್ಟಿ ತಿನ್ನೂ ಹೊತ್ತೇನ್ರಿ?" ಎಂದು ಹರಿಹಾಯ್ದೆ.

"ತಿನ್ನಾಕಲ್ಲ. ಕೇಳಸಾಕ. ಕಣ್ಣ ಮಂದ ಆದಾಗಿಂದ ಮನ್ಯಾಗ ನನಗ ಹೊತ್ತ ತಿಳಿಯೂದ ನಿನ್ನ ರೊಟ್ಟಿ ಸಪ್ಪಳದಿಂದ. ಮೊದಲ ಪೆಟ್ಟ ಬಿತ್ತಂದ್ರ ಇವು ಎರಡೂ ನನಕಿಂತ ಮುಂಚೆ ಬಾಗಲದಾಗ ನಿಂತಿರತಾವ. ಪಟಕಾ ಬಿಟ್ರ ಅದೊಂದ ಅವಕ್ಕ ಗೊತ್ತು. ಜೋರಾಗಿ ಬಡಿ."

ಹಲಗೆಯನ್ನು ಟೆಂಪೋದ ತಗಡಿನ ನೆಲಕ್ಕೆ ಹಚ್ಚಿ ಇಟ್ಟು ಬಡಿಯತೊಡಗಿದೆ. ತಗಡು ದನಿಗೂಡಿಸಿತು. ಮೊದಲ ಪೆಟ್ಟಿಗೇ ಮೋತಿ ಬಂದು ಕೂತ. ಅವನ ಪಾಲು ಕೊಟ್ಟೆ. ಎರಡನೆಯದು, ಐದನೆಯದು, ಎಂಟನೆಯದು. ರೊಟ್ಟಿ ಹರಿದರೂ ಮುದ್ದೆ ಮಾಡಿ ಮತ್ತೆ ಬಡಿದೆ. ಅಂಗೈ ಉರಿಯುತ್ತಿತ್ತು. ಚೀಲದ ತಳ ಕಂಡಿತು. ಕೊಡವಿ ಕೊನೆಯ ಮುಷ್ಟಿ ಹಿಟ್ಟು ತೆಗೆದೆ. ಅದನ್ನು ಬಡಿಯುತ್ತಿರುವಾಗ ಅವರು ಕೈ ಎತ್ತಿದರು. "ಬಂದ್ಲು. ನಿಲ್ಲಸಬ್ಯಾಡ."

ನನಗೇನೂ ಕೇಳಲಿಲ್ಲ, ಕಾಣಲಿಲ್ಲ. ಬಡಿಯುತ್ತಲೇ ಇದ್ದೆ. ಆಮೇಲೆ ಬಿಳುಪಿನೊಳಗಿಂದ ಮೊದಲು ನಾಲ್ಕು ಸಣಕಲು ಕಾಲು ಬಂದವು, ಅವುಗಳ ಮೇಲೆ ಚಿಗರಿ. ಕಿವಿಯ ತುದಿ ಮುಳ್ಳಿಗೆ ಹರಿದಿತ್ತು. ನಮ್ಮಿಬ್ಬರನ್ನೂ ದಾಟಿ ನೇರ ಹಂಚಿನ ಹತ್ತಿರ ಹೋಗಿ, ನನ್ನ ಪಾಲೆಲ್ಲಿ ಎಂದು ನನ್ನ ಮುಖ ನೋಡಿದಳು. ಇಬ್ಬರೂ ಅವಳ ಕುತ್ತಿಗೆ ತಬ್ಬಿ ಅತ್ತೆವು. ಅವಳು ಅಳಲಿಲ್ಲ, ಎರಡು ರೊಟ್ಟಿ ತಿಂದಳು.

ಮರುದಿನ ನಸುಕಿಗೆ ಇಳಿಯಲೆಂದು ನಾನು ಗಾಡಿ ಚಾಲೂ ಮಾಡಿ ಕೂತಿದ್ದೆ. ಆಗ ಗಾಳಿ ಬೀಸಿ ಮಂಜು ಒಂದು ಬದಿಯಿಂದ ಮಡಚಿಕೊಳ್ಳತೊಡಗಿತು. ಎಂಜಿನ್ ನಿಲ್ಲಿಸಿ ಅವರನ್ನು ಅಂಚಿನ ಈಚೆಯ ಬಂಡೆಯ ಹತ್ತಿರ ನಿಲ್ಲಿಸಿದೆ. ಹಸಿರು ಗುಡ್ಡ, ಅದರ ಹಿಂದೆ ನೀಲಿ ಗುಡ್ಡ, ಅದರ ಹಿಂದೆ ಇನ್ನೂ ತೆಳು ನೀಲಿ. ಅವರು ಉಳಿದ ಒಂದಿಷ್ಟು ನೋಟದಲ್ಲಿ ಎಡದಿಂದ ಬಲಕ್ಕೆ ಕುತ್ತಿಗೆಯನ್ನು ಮೆಲ್ಲಗೆ ತಿರುಗಿಸುತ್ತ ತುಂಡು ತುಂಡಾಗಿ ಎಲ್ಲವನ್ನೂ ನೋಡಿದರು. ನಾನು ಒಂದು ಮಾತೂ ಆಡಲಿಲ್ಲ. ನನ್ನನ್ನು ಬಲ್ಲವರು ಇದನ್ನು ನಂಬುವುದಿಲ್ಲ. ಕೊನೆಗೆ ನೀರು ಎರಡಾಗಿ ಬೀಳುವ ಕಲ್ಲನ್ನು ತೋರಿಸಿ, "ಅಪ್ಪ ಅದರ ಮ್ಯಾಲ ಕುಂದರತಿದ್ದ," ಅಂದರು. ಆಮೇಲೆ ಪಟಕಾ ಬಿಗಿದುಕೊಂಡು, "ಆತು. ನೋಡೇನಿ. ನಡಿ," ಅಂದರು.

ಇಳಿಯುವಾಗ ಎರಡೂ ಕಡೆ ನೋಟ ತೆರೆದಿತ್ತು. ಆದರೆ ಅವರು ಸೀಟಿನಲ್ಲಿ ನನ್ನ ಕಡೆ ತಿರುಗಿ ಕುಳಿತಿದ್ದರು. "ಹೊರಗ ನೋಡ್ರಿ, ಮತ್ತ ಸಿಗೂದಿಲ್ಲ," ಎಂದು ನಾನು ಗದರಿದೆ. "ನೀ ದಾರಿ ನೋಡು," ಅಂದರು.

ಆಮೇಲೆ ಮೂರು ಸಲ ಆ ಗುಡ್ಡಕ್ಕೆ ಹೋಗಿ ಬಂದಿದ್ದೇವೆ. ಮೋತಿ ಈಗ ಬೇವಿನ ಮರದ ಬುಡದಲ್ಲಿ ಮಣ್ಣಿನೊಳಗೆ ಮಲಗಿದ್ದಾನೆ. ಚಿಗರಿಯ ಮಗಳಿಗೆ ಪಟಕಾ ಜೊತೆಗೆ ಸೀಟಿಯನ್ನೂ ಕಲಿಸಿದ್ದೇವೆ. ನನ್ನ ಗಂಡನಿಗೆ ಈಗ ಬೆಳಕು ಕತ್ತಲು ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಚೇಷ್ಟೆಗೇನೂ ಕಮ್ಮಿಯಿಲ್ಲ. ಆದರೆ ಟೆಂಪೋದ ಬಾಗಿಲಲ್ಲಿ ನಿಂತು ನನ್ನ ಎದೆ ಉಬ್ಬಿದ್ದು ಗುಡ್ಡದ ನೆನಪಿಗಲ್ಲ, ಆ ವರ್ಷ ನಾವು ತಿರುಗಿ ಬಂದ ಬನ್ನಿಯ ಸಂಜೆಯ ನೆನಪಿಗೆ.

ಹೊತ್ತು ಮುಳುಗುವ ಮುಂಚೆ ಊರು ಮುಟ್ಟಿದ್ದೆವು. ಟೆಂಪೋದ ಮೈತುಂಬ ಕೆಂಪು ಕೆಸರು. ಬೀರಪ್ಪನ ಗುಡಿಯ ಮುಂದೆ ಮಂದಿಯೆಲ್ಲ ಬನ್ನಿ ಎಲೆ ಕೊಟ್ಟು ತಗೊಂಡು ಮಾಡುತ್ತಿದ್ದರು. ಗುರಪಾದಪ್ಪ ಕಾಕಾ ಬಂದು ನನ್ನ ಗಂಡನ ಕೈಗೆ ಎಲೆ ಇಟ್ಟು, "ಬನ್ನಿ ತಗೊಂಡು ಬಂಗಾರದ್ಹಂಗ ಇರೂಣು," ಅಂದರು. ಬಾಯಿ ಅಲ್ಲಿಗೇ ನಿಲ್ಲಲಿಲ್ಲ. "ಅಲ್ಲೋ ಮಾಳಪ್ಪ, ಅಷ್ಟ ದೂರ ಹೋಗಿ ನೀ ಏನ ನೋಡಿ ಬಂದ್ಯೋ?"

ಸುತ್ತಲಿನವರು ನಗಲು ಸಿದ್ಧರಾದರು. ಅವರು ಎಲೆಯನ್ನು ಕಣ್ಣಿಗೆ ಒತ್ತಿಕೊಂಡು, ಪಟಕಾದ ಮಡಿಕೆಯಲ್ಲಿ ಸಿಗಿಸಿದರು.

"ಕಾಕಾ, ಗುಡ್ಡ ನೀವೂ ನೋಡೀರಿ, ಎಲ್ಲಾರೂ ನೋಡ್ಯಾರ. ಆ ಘಟ್ಟದ ತಿರುವಿನ್ಯಾಗ ನಮ್ಮ ಅಕ್ಕೋರು ಗಾಡಿ ಹೊಡ್ಯೂದ ನೋಡೀರೇನ? ನಿಮಗ ಎರಡ ಕಣ್ಣದಾವ, ನೀವ ನೋಡಿಲ್ಲ. ನಾ ನೋಡೇನಿ."